ಇನ್ನೂರ ಎಪ್ಪತ್ತಾರನ್ನು ಟೈಪು ಮಾಡಿದವಳು

ಗಂಡನನ್ನು ಮಣ್ಣು ಮಾಡಿ ಎಂಟನೆಯ ದಿನಕ್ಕೆ ಹೆಂಡ್ರಿಕಾ ರೂಲೊಫ್ಸ್, ಗೊತ್ತಿದ್ದವರ ಬಾಯಲ್ಲಿ ರೀಕಾ, ಎಂದಿನಂತೆ ಏಳೂವರೆಗೆ ಮನೆಯ ಬಾಗಿಲು ಹಾಕಿಕೊಂಡು ಬಂದು ಮೂಲೆಯ ಪೆಟ್ರೋಲ್ ಬಂಕಿನ ಮುಂದೆ ನಿಂತಳು. ಡೊಲೊರೆಸ್ ಪವೆಲ್ಕಾಳ ಹಸಿರು ಕಾರು ಎಂದಿನಂತೆ ಐದು ನಿಮಿಷ ತಡವಾಗಿ ಬಂತು. ಇಬ್ಬರೂ ಯೂನಿವರ್ಸಿಟಿಯ ಗಣಿತ ವಿಭಾಗದಲ್ಲಿ ಟೈಪಿಸ್ಟರು. ಊರಿನಿಂದ ಹದಿನೈದು ಮೈಲಿ, ಎರಡೂ ಕಡೆ ಜೋಳದ ಹೊಲ. ಆ ಹದಿನೈದು ಮೈಲಿ ಡೊಲೊರೆಸ್ ಬಾಯಿ ಮುಚ್ಚಿದ್ದನ್ನು ಹನ್ನೊಂದು ವರ್ಷದಲ್ಲಿ ರೀಕಾ ಕಂಡಿರಲಿಲ್ಲ. ಅವತ್ತು ಮಾತ್ರ ಅವಳು ಮೂರು ಮೈಲಿ ಸುಮ್ಮನಿದ್ದಳು.

"ಇನ್ನೊಂದ್ ವಾರ ರಜ ಹಾಕ್ಬಾರ್ದಿತ್ತೇನೆ?" ಎಂದಳು ಆಮೇಲೆ.

"ಹಾಕಿ ಏನ್ಮಾಡ್ಲಿ?"

"ಏನೂ ಮಾಡ್ಬೇಡ. ಕೂತ್ಕೊಂಡು ಅಳು."

"ಬರ್ತಿಲ್ಲ ಕಣೇ" ಎಂದಳು ರೀಕಾ. ಅಂಗಡಿಯಲ್ಲಿ ಸಕ್ಕರೆ ಬಂದಿಲ್ಲ ಎಂದು ಹೇಳುವ ಹಾಗೆ ಹೇಳಿದಳು.

ಅವಳ ಗಂಡ ಗೆರಿಟ್ ಡೈರಿಯ ಹಾಲಿನ ಲಾರಿ ಓಡಿಸುತ್ತಿದ್ದ. ಸೆಪ್ಟೆಂಬರ್ ಹದಿನೇಳು, ಶುಕ್ರವಾರ ಬೆಳಿಗ್ಗೆ ಒಬ್ಬ ರೈತನ ಅಂಗಳದಲ್ಲಿ ಹಾಲಿನ ಕ್ಯಾನು ಎತ್ತಿ ಲಾರಿಗೆ ಇಡುವಾಗ ಎದೆ ನಿಂತಿತು. ರೈತ ಬಂದು ನೋಡಿದಾಗ ಲಾರಿಯ ಇಂಜಿನ್ನು ಇನ್ನೂ ಓಡುತ್ತಿತ್ತು, ಕ್ಯಾನು ಮುಚ್ಚಳ ಸಮೇತ ನೆಟ್ಟಗೆ ನಿಂತಿತ್ತು, ಒಂದು ಹನಿ ಚೆಲ್ಲಿರಲಿಲ್ಲ. ನಲವತ್ತೊಂಬತ್ತು ವರ್ಷ. ಮಕ್ಕಳಿರಲಿಲ್ಲ. ಸೋಮವಾರ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ನೆಲಮಾಳಿಗೆಯಲ್ಲಿ ಹಂದಿಮಾಂಸ ಇಟ್ಟ ಬನ್ನು, ಕಾಫಿ. ಚರ್ಚಿನ ಹೆಂಗಸರು ಗಾಜಿನ ಪಾತ್ರೆಗಳಲ್ಲಿ ಬೇಯಿಸಿದ ಊಟ ತಂದು ಅವಳ ಮನೆಯ ಫ್ರಿಜ್ಜು ತುಂಬಿಸಿ ಹೋದರು. ಪ್ರತಿ ಪಾತ್ರೆಯ ತಳಕ್ಕೆ ಅವರವರ ಹೆಸರು ಬರೆದ ಪಟ್ಟಿ ಅಂಟಿಸಿತ್ತು. ತಿಂದು ಮುಗಿಸಿ, ತೊಳೆದು, ಅವರವರದ್ದನ್ನು ಅವರವರಿಗೆ ತಲುಪಿಸಬೇಕು. ರೀಕಾಳಿಗೆ ಹಸಿವಿರಲಿಲ್ಲ. ಆದರೆ ಪಾತ್ರೆ ಖಾಲಿ ಮಾಡಬೇಕಲ್ಲ ಎಂದು ಹೊತ್ತಿಗೆ ಸರಿಯಾಗಿ ತಟ್ಟೆ ಹಾಕಿಕೊಂಡು ತಿನ್ನುತ್ತಿದ್ದಳು. ಏನು ತಿಂದೆ ಎಂದು ಯಾರಾದರೂ ಕೇಳಿದ್ದರೆ ಪಾತ್ರೆಯ ತಳ ನೋಡಿ "ಮಿಸೆಸ್ ಡೆ ಹಾನ್" ಎನ್ನಬೇಕಾಗಿತ್ತು.

ಗಣಿತ ವಿಭಾಗ ಮೂರನೇ ಮಹಡಿಯಲ್ಲಿ. ಡೊಲೊರೆಸ್ ಕಾಗದಪತ್ರ, ಪ್ರಶ್ನೆಪತ್ರಿಕೆ ಟೈಪು ಮಾಡುತ್ತಿದ್ದಳು. ಚಿಹ್ನೆ, ಘಾತ, ಕೋಷ್ಟಕ ತುಂಬಿದ ಕಷ್ಟದ ಬರಹವೆಲ್ಲ ರೀಕಾಳ ಪಾಲಿಗೆ. ಅವಳ ವಿದ್ಯುತ್ ಟೈಪ್‌ರೈಟರಿನಲ್ಲಿ ಅಕ್ಷರಗಳು ಒಂದು ಪುಟ್ಟ ಲೋಹದ ಚೆಂಡಿನ ಮೇಲಿದ್ದವು. ಚಿಹ್ನೆ ಬೇಕಾದಾಗ ಆ ಚೆಂಡು ಕಿತ್ತು ಬೇರೊಂದು ಚೆಂಡು ಸಿಕ್ಕಿಸಬೇಕು. ಘಾತ ಬರೆಯಲು ಕಾಗದದ ಉರುಳೆಯನ್ನು ಅರ್ಧ ಹಲ್ಲು ತಿರುಗಿಸಿ, ಅಂಕಿ ಹೊಡೆದು, ಮತ್ತೆ ಇಳಿಸಬೇಕು. ಹೈಸ್ಕೂಲು ಮುಗಿಸಿದ್ದೇ ಅವಳ ಓದು. ಬರೆದದ್ದರ ಅರ್ಥ ಅವಳಿಗೆ ತಿಳಿಯುತ್ತಿರಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ. ಆದರೆ ಯಾರ ಕೈಬರಹದಲ್ಲಿ ಒಂದರ ಅಂಕಿ ಏಳರಂತೆ ಕಾಣುತ್ತದೆ, ಯಾರು ಬ್ರಾಕೆಟ್ ತೆರೆದು ಮುಚ್ಚಲು ಮರೆಯುತ್ತಾರೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ಆ ಕಟ್ಟಡದಲ್ಲಿ ಮತ್ತೆ ಯಾರಿಗೂ ಗೊತ್ತಿರಲಿಲ್ಲ.

ಅವತ್ತು ಮೇಜಿನ ಮೇಲೆ ದಾರ ಕಟ್ಟಿದ ಹೊಸ ಕಟ್ಟೊಂದು ಕಾದಿತ್ತು. ಪ್ರೊಫೆಸರ್ ಆರಿನ್ ವಿಟ್ಲಾಕ್ ಅವರದು. ಅರವತ್ತೆರಡು ವರ್ಷದ, ಸ್ವೆಟರಿನ ಗುಂಡಿ ಒಂದೊಂದು ಮೇಲಿನ ಕಾಜಕ್ಕೆ ಹಾಕಿಕೊಂಡು ತಿರುಗುವ ಮನುಷ್ಯ. ಹೊರಗಡೆಯ ಲೋಕದಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೆ ಯಾರಾದರೂ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ರೀಕಾ ಒಂದು ವಾರ ಬಂದಿರಲಿಲ್ಲ ಎನ್ನುವುದೂ ಅವರ ಗಮನಕ್ಕೆ ಬಂದಿರಲಿಲ್ಲ.

"ಬಂದ್ರಾ ಮಿಸೆಸ್ ರೂಲೊಫ್ಸ್" ಎಂದರು ಬಾಗಿಲಲ್ಲೇ ನಿಂತು. "ಅರವತ್ತೊಂದು ಪುಟ ಇದೆ. ಅವಸರ ಏನಿಲ್ಲ. ಡಿಸೆಂಬರ್ ಒಳಗೆ ಆದ್ರೆ ಸಾಕು."

"ಕಾರ್ಬನ್ ಎಷ್ಟು ಹಾಕ್ಲಿ?"

"ನಾಲ್ಕು ಹಾಕಿ. ಈ ಸಲ ಕೇಳೋರು ಜಾಸ್ತಿ ಇರ್ತಾರೆ."

ಅರವತ್ತೊಂದು ಪುಟವೂ ಒಂದೇ ಸಂಖ್ಯೆಯ ಮೇಲೆ. 276. ಅದೇ ಶೀರ್ಷಿಕೆ. ಒಬ್ಬ ಮನುಷ್ಯನ ಬಗ್ಗೆ ಬರೆಯುವಾಗ ಯಾವ ಊರು, ಯಾವ ಕುಲ, ಏನು ಕಸುಬು ಎಂದು ಶುರುಮಾಡುವ ಹಾಗೆ ವಿಟ್ಲಾಕ್ ಅದರ ಬಗ್ಗೆ ಶುರುಮಾಡಿದ್ದರು. ಅದು ತ್ರಿಕೋನ ಸಂಖ್ಯೆ: ಮೊದಲ ಸಾಲಿಗೆ ಒಂದು ಗೋಲಿ, ಎರಡನೆಯದಕ್ಕೆ ಎರಡು, ಹೀಗೆ ಇಪ್ಪತ್ಮೂರು ಸಾಲು ಜೋಡಿಸಿದರೆ ಸರಿಯಾಗಿ ಇನ್ನೂರ ಎಪ್ಪತ್ತಾರು ಗೋಲಿ. ಅದು ಷಟ್ಕೋನ ಸಂಖ್ಯೆಯೂ ಹೌದು. ಒಂದು, ಎರಡು, ಮೂರು, ಈ ಮೂರರ ಐದನೇ ಘಾತಗಳನ್ನು ಕೂಡಿಸಿದರೆ ಬರುವುದೂ ಅದೇ. ರೀಕಾ ಉರುಳೆ ಅರ್ಧ ಹಲ್ಲು ಏರಿಸಿ ಐದು ಹೊಡೆದಳು, ಇಳಿಸಿದಳು, ಏರಿಸಿದಳು, ಐದು ಹೊಡೆದಳು. ಬೆರಳು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. ತಲೆಯೊಳಗೆ, ರೇಡಿಯೋ ನಿಲ್ಲಿಸಿದ ಮೇಲಿನ ಅಡುಗೆಮನೆಯ ಹಾಗೆ, ಏನೂ ಇರಲಿಲ್ಲ.

ಮೂರನೆಯ ದಿನ ಅವಳು ಕೊನೆಯ ಪುಟಗಳ ಮೇಲೆ ಕಣ್ಣಾಡಿಸಿದಳು. ಕೋಷ್ಟಕಕ್ಕೆ ಎಷ್ಟು ಅಂಚು ಬಿಡಬೇಕೆಂದು ಮೊದಲೇ ಅಳೆದುಕೊಳ್ಳುವುದು ಅವಳ ಪದ್ಧತಿ. ಕಟ್ಟಕಡೆಯ ಸಾಲಿನಲ್ಲಿ ಒಂದು ದುಂಡು ಗುರುತಿತ್ತು. ಅದನ್ನು ಹಿಡಿದುಕೊಂಡು ವಿಟ್ಲಾಕರ ಕೋಣೆಗೆ ಹೋದಳು.

"ಇದು ಸೊನ್ನೆನಾ, ಓ ಅಕ್ಷರಾನಾ?"

ವಿಟ್ಲಾಕ್ ಕಾಗದ ನೋಡಿದರು. ಅವರ ಮುಖ ಅರಳಿತು. "ಸೊನ್ನೆ! ಸೊನ್ನೆ ಕಣ್ರೀ ಅದು. ಆ ಸೊನ್ನೆಗೋಸ್ಕರ ಆರು ವರ್ಷ ಕಾದಿದೀನಿ. ಕೂತ್ಕೊಳ್ಳಿ, ಹೇಳ್ತೀನಿ."

ರೀಕಾ ಕೂತಳು.

"ಹನ್ನೆರಡು ತಗೊಳ್ಳಿ. ಹನ್ನೆರಡನ್ನ ಪೂರ್ತಿ ಭಾಗಿಸೋ ಸಣ್ಣ ಸಂಖ್ಯೆಗಳು ಯಾವುವು?"

"ಒಂದು, ಎರಡು, ಮೂರು, ನಾಲ್ಕು, ಆರು."

"ಕೂಡಿಸಿ."

"ಹದಿನಾರು."

"ಈಗ ಹದಿನಾರಕ್ಕೆ ಹಂಗೇ ಮಾಡಿದ್ರೆ ಹದಿನೈದು. ಆಮೇಲೆ ಒಂಬತ್ತು, ನಾಲ್ಕು, ಮೂರು, ಒಂದು. ಒಂದಕ್ಕೆ ಬಂದ್ರೆ ಮುಗೀತು, ಮುಂದೆ ಸೊನ್ನೆ. ಆರರ ಕಥೆ ಬೇರೆ. ಒಂದು, ಎರಡು, ಮೂರು ಕೂಡಿದ್ರೆ ಮತ್ತೆ ಆರೇ. ಅದು ಪರಿಪೂರ್ಣ ಸಂಖ್ಯೆ, ಕೂತಲ್ಲೇ ಕೂತಿರುತ್ತೆ. ಇನ್ನೂರ ಎಪ್ಪತ್ತಾರಕ್ಕಿಂತ ಸಣ್ಣವು ಎಲ್ಲದರ ಹಣೆಬರಹವೂ ಗೊತ್ತಾಗಿದೆ. ಮುಗಿಯುತ್ತೆ, ಇಲ್ಲ ಸುತ್ತುತ್ತೆ. ಇದೊಂದೇ..." ಅವರು ಬೆರಳಿನಿಂದ ಶೀರ್ಷಿಕೆ ತಟ್ಟಿದರು. "ಇನ್ನೂರ ಎಪ್ಪತ್ತಾರು ಮುನ್ನೂರ ತೊಂಬತ್ತಾರಾಗುತ್ತೆ. ಅದು ಆರುನೂರ ತೊಂಬತ್ತಾರು. ಆಮೇಲೆ ಸಾವಿರದ ನೂರನಾಲ್ಕು. ಏರುತ್ತೆ, ಒಂಚೂರು ಇಳಿಯುತ್ತೆ, ಮತ್ತೆ ಏರುತ್ತೆ. ಎಲ್ಲಿಗೆ ಹೋಗುತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಇನ್ನೊಂದು ತಮಾಷೆ ಕೇಳಿ. ಬೇರೆ ಯಾವ ಸಂಖ್ಯೆಯಿಂದ ಹೊರಟ್ರೂ ಇದರ ಹತ್ತಿರ ಬಂದು ತಲುಪೋಕೆ ಆಗಲ್ಲ. ಇದು ಯಾರಿಗೂ ಎಟುಕದ ಸಂಖ್ಯೆ. ಹಿಂದೆ ದಾರಿ ಇಲ್ಲ, ಮುಂದೆ ದಾರಿ ಗೊತ್ತಿಲ್ಲ."

"ಈಗ ಗೊತ್ತಾಯ್ತಾ?"

"ಆಯ್ತು. ಕೆಳಗಡೆ ಆ ದೊಡ್ಡ ಕಂಪ್ಯೂಟರ್ ಇದೆಯಲ್ಲ, ಅದರ ಕೈಲಿ ಮಾಡಿಸ್ದೆ. ಎಷ್ಟೋ ದೂರ ಏರಿ, ಆಮೇಲೆ ಇಳಿಯೋಕೆ ಶುರುವಾಗಿ, ಇಳಿದು ಇಳಿದು, ಒಂದು ಅವಿಭಾಜ್ಯ ಸಂಖ್ಯೆಗೆ ಬಂದು, ಒಂದು, ಸೊನ್ನೆ. ಮುಗಿಯುತ್ತೆ ಮಿಸೆಸ್ ರೂಲೊಫ್ಸ್. ಇದೂ ಮುಗಿಯುತ್ತೆ."

"ಹಾಗಾದ್ರೆ ಸೊನ್ನೆ ಹಾಕ್ತೀನಿ" ಎಂದು ರೀಕಾ ಎದ್ದಳು.

ಕೋಷ್ಟಕಕ್ಕೆ ಬಂದಾಗ ಅಕ್ಟೋಬರ್ ಎರಡನೇ ವಾರ. ಹೊಲಗಳಲ್ಲಿ ಜೋಳ ಕೊಯ್ಯುವ ಯಂತ್ರಗಳು ಓಡುತ್ತಿದ್ದವು. ಪ್ರತಿ ಸಾಲಿನಲ್ಲಿ ಎಡಗಡೆ ಒಂದು ಸಂಖ್ಯೆ, ಬಲಗಡೆ ಅದನ್ನು ಒಡೆದ ಅವಿಭಾಜ್ಯ ಸಂಖ್ಯೆಗಳು. ಬಲಗಡೆಯವನ್ನೆಲ್ಲ ಗುಣಿಸಿದರೆ ಎಡಗಡೆಯದು ಬರಬೇಕು. ಮೊದಮೊದಲು ಮೂರು ಅಂಕಿ, ನಾಲ್ಕು ಅಂಕಿ. ಪುಟ ಕಳೆದಂತೆ ಎಂಟು, ಹತ್ತು, ಹನ್ನೆರಡು ಅಂಕಿ. ಬರೀ ಅಂಕಿ ಹೊಡೆಯುವ ಕೆಲಸದಲ್ಲಿ ಒಂದು ತೊಂದರೆ ಇದೆ, ಮನಸ್ಸು ಎಲ್ಲೆಲ್ಲೋ ಹೋಗುತ್ತದೆ. ಅವಳದು ಹೋಗುತ್ತಿದ್ದದ್ದು ಒಂದೇ ಕಡೆ: ಆ ಅಂಗಳಕ್ಕೆ, ಓಡುತ್ತಿದ್ದ ಇಂಜಿನ್ನಿನ ಬಳಿಗೆ. ಅಲ್ಲಿಗೆ ಹೋಗಿಯೂ ಏನೂ ಅನ್ನಿಸುತ್ತಿರಲಿಲ್ಲ. ಸುಮ್ಮನೆ ನಿಂತು ನೋಡಿ ಬರುತ್ತಿತ್ತು. ಹಾಗೆ ಹೋಗಿ ಬಂದಾಗಲೆಲ್ಲ ಒಂದು ಸಾಲು ತಪ್ಪುತ್ತಿತ್ತು, ನಾಲ್ಕು ಕಾರ್ಬನ್ ಪ್ರತಿಯಲ್ಲೂ ಬಿಳಿ ಬಣ್ಣ ಹಚ್ಚಿ ತಿದ್ದಬೇಕಾಗುತ್ತಿತ್ತು. ಅದಕ್ಕೇ ಅವಳು ಮನಸ್ಸಿಗೆ ಒಂದು ಕೆಲಸ ಕೊಟ್ಟಳು. ಬಲಗಡೆಯ ಸಂಖ್ಯೆಗಳ ಕೊನೆಯ ಅಂಕಿಗಳನ್ನು ಮಾತ್ರ ಬಾಯಲ್ಲೇ ಗುಣಿಸಿಕೊಳ್ಳುವುದು. ಎರಡೆರಡ್ಲೆ ನಾಲ್ಕು, ನಾಲ್ಕೇಳ್ಲೆ ಇಪ್ಪತ್ತೆಂಟು, ಎಂಟು ಉಳೀತು, ಎಂಟ್ಮೂರ್ಲೆ ಇಪ್ಪತ್ನಾಲ್ಕು, ನಾಲ್ಕು ಉಳೀತು. ಎಡಗಡೆಯ ಕೊನೆಯ ಅಂಕಿ ನಾಲ್ಕಾ? ನಾಲ್ಕು. ಮುಂದಿನ ಸಾಲು.

ಎರಡು ದಿನ ಹೀಗೇ ನಡೆಯಿತು. ಶುಕ್ರವಾರ ಮಧ್ಯಾಹ್ನ ಕೋಷ್ಟಕದ ಒಂಬತ್ತನೇ ಪುಟದಲ್ಲಿ, ಕೆಳಗಿನಿಂದ ನಾಲ್ಕನೇ ಸಾಲಿಗೆ ಬಂದಳು. ಎರಡು, ಹದಿನೇಳು, ಆಮೇಲೆ ಒಂಬತ್ತರಲ್ಲಿ ಮುಗಿಯುವ ಉದ್ದನೆಯದೊಂದು. ಎರಡೇಳ್ಲೆ ಹದಿನಾಲ್ಕು, ನಾಲ್ಕು ಉಳೀತು, ನಾಲ್ಕೊಂಬತ್ಲೆ ಮೂವತ್ತಾರು. ಆರು. ಎಡಗಡೆ ನಾಲ್ಕಿತ್ತು.

ಮತ್ತೆ ಮಾಡಿದಳು. ಆರೇ ಬಂತು. ಕಾಗದವನ್ನು ಯಂತ್ರದಲ್ಲೇ ಬಿಟ್ಟು ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಮನೆಗೆ ಹೋಗುವಾಗ ಕಾರಿನಲ್ಲಿ ಡೊಲೊರೆಸ್‌ಗೆ ಹೇಳಿದಳು.

"ಒಂದಂಕಿ ತಾನೆ?" ಎಂದಳು ಡೊಲೊರೆಸ್. "ಆ ಮುದುಕ ಸ್ವೆಟರ್ ಗುಂಡಿನೇ ಸರಿಯಾಗಿ ಹಾಕಲ್ಲ, ಅಂಕಿ ಹಾಕ್ತಾನಾ? ಅಲ್ಲಿರೋದನ್ನ ಟೈಪ್ ಮಾಡಿ ಬಿಸಾಕು."

"ಆ ಸಾಲು ತಪ್ಪಾದ್ರೆ ಅಲ್ಲಿಂದಾಚೆ ಎಲ್ಲಾ ತಪ್ಪೇ ಅಲ್ವೇನೆ? ಒಂದರಿಂದ ಇನ್ನೊಂದು ಹುಟ್ಟೋದು."

"ಹುಟ್ಲಿ ಬಿಡು. ನಿನ್ ಹೊಟ್ಟೇಲಿ ಹುಟ್ತಾ? ರೀಕಾ, ಕೇಳಿಲ್ಲಿ. ಆ ಮನುಷ್ಯ ಕೆಳಗೆ ಕಾಫಿ ಕೋಣೇಲಿ ಎಲ್ರಿಗೂ ಹೇಳ್ಕೊಂಡ್ ತಿರುಗ್ತಿದಾನೆ, ಮುಗೀತು ಮುಗೀತು ಅಂತ. ಮೊನ್ನೆ ನಂಗೆ ಬಾಗಿಲು ತೆಗೆದು ನಿಂತ್ಕೊಂಡ, ಗೊತ್ತಾ? ಹನ್ನೊಂದು ವರ್ಷದಲ್ಲಿ ಮೊದಲ್ನೇ ಸಲ. ನೀನ್ ಹೋಗಿ ಅವನಿಗೆ ಸಿಕ್ಕಿದ ಕೊನೇನ ಕಿತ್ಕೋಬೇಡ."

ರೀಕಾಳಿಗೆ ಆ ಮನುಷ್ಯನ ಮೇಲೆ ಕನಿಕರ ಬರಬೇಕಿತ್ತು, ಬರಲಿಲ್ಲ. ತಪ್ಪು ಹಿಡಿದೆ ಎಂಬ ಹೆಮ್ಮೆಯೂ ಇರಲಿಲ್ಲ. ಆರು ಇರಬೇಕಾದಲ್ಲಿ ನಾಲ್ಕಿದೆ, ಅಷ್ಟೇ.

ಶನಿವಾರ ಮಧ್ಯಾಹ್ನ ನಾದಿನಿ ಯೊಹಾನ ಬಂದಳು. ಗೆರಿಟ್‌ನ ತಂಗಿ, ದಪ್ಪ ದೇಹ, ಬೇಗ ಅಳು, ಬೇಗ ನಗು. ತೊಳೆದಿಟ್ಟ ಪಾತ್ರೆಗಳನ್ನು ಅವರವರ ಮನೆಗೆ ತಲುಪಿಸಲು ಅವಳ ಕಾರು ಬೇಕಿತ್ತು. ಅವಳು ಒಳಗೆ ಬಂದಾಗ ಅತ್ತಿಗೆ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಪೆನ್ಸಿಲಿನಿಂದ ಗುಣಾಕಾರ ಮಾಡುತ್ತಿದ್ದಳು.

"ಏನತ್ತಿಗೆ ಅದು?"

"ಆಫೀಸಿಂದು. ಒಂದ್ನಿಮಿಷ ಇರು."

ಎರಡನ್ನೂ ಹದಿನೇಳನ್ನೂ ಗುಣಿಸಿದರೆ ಮೂವತ್ತನಾಲ್ಕು. ಆ ಉದ್ದನೆಯ ಸಂಖ್ಯೆಯನ್ನು ಮೂವತ್ತನಾಲ್ಕರಿಂದ ಗುಣಿಸಬೇಕಿತ್ತು, ಅಷ್ಟೇ ಕೆಲಸ. ಶಾಲೆಯಲ್ಲಿ ಕಲಿತಂತೆ ಒಂದರ ಕೆಳಗೊಂದು ಬರೆದು, ದಶಕ ಏರಿಸಿ, ಗೆರೆ ಎಳೆದು ಕೂಡಿಸಿದಳು. ಬಂದ ಉತ್ತರವನ್ನು ವಿಟ್ಲಾಕರ ಪುಟದ ಪಕ್ಕ ಇಟ್ಟು ನೋಡಿದಳು. ಮೊದಲಿನಿಂದ ಎಲ್ಲ ಅಂಕಿಯೂ ಒಂದೇ. ಕೊನೆಯ ಎರಡು ಮಾತ್ರ ಬೇರೆ. ಪುಟದಲ್ಲಿ 64, ಅವಳದರಲ್ಲಿ 46.

ನೋಡಿದ ಕೂಡಲೇ ಏನಾಗಿದೆ ಎಂದು ಅವಳಿಗೆ ತಿಳಿಯಿತು. ಅದು ಗಣಿತದ ತಪ್ಪಲ್ಲ, ಬೆರಳಿನ ತಪ್ಪು. ಟೈಪಿಸ್ಟರು ದಿನಕ್ಕೆ ನಾಲ್ಕು ಸಲ ಮಾಡುವ ತಪ್ಪು. ಕಂಪ್ಯೂಟರಿಗೆ ಕೊಡುವ ರಟ್ಟಿನ ಕಾರ್ಡಿನಲ್ಲಿ ಯಾರೋ ಆರು ನಾಲ್ಕು ಹೊಡೆಯುವ ಬದಲು ನಾಲ್ಕು ಆರು ತೂತು ಹೊಡೆದಿದ್ದಾರೆ. ಕಂಪ್ಯೂಟರು ಕೊಟ್ಟದ್ದನ್ನು ಒಡೆದಿದೆ. ಅಲ್ಲಿಂದ ಮುಂದೆ ಅದು ಇನ್ನೂರ ಎಪ್ಪತ್ತಾರರ ದಾರಿಯೇ ಅಲ್ಲ, ಬೇರೆ ಯಾವುದೋ ಸಂಖ್ಯೆಯ ದಾರಿ.

"ಅತ್ತಿಗೆ, ನೀವು ಶನಿವಾರಾನೂ ಇದನ್ನ ಹಿಡ್ಕೊಂಡ್ ಕೂತ್ರೆ ಹೆಂಗೆ?" ಎಂದಳು ಯೊಹಾನ. "ಅಣ್ಣನ ಅಂಗಿ ಇನ್ನೂ ಬಾಗಿಲ ಹಿಂದೇನೆ ನೇತಾಡ್ತಿದೆ. ಒಂದ್ಸಲ ಅತ್ತಾದ್ರೂ ಬಿಡಿ. ಜನ ಏನಂತಾರೆ?"

"ಏನಂತಾರೆ?"

"ಗಟ್ಟಿ ಹೆಂಗ್ಸು ಅಂತಾರೆ. ಒಳ್ಳೇ ಅರ್ಥದಲ್ಲಿ ಅನ್ನಲ್ಲ."

ರೀಕಾ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ಬಾ, ಮಿಸೆಸ್ ಡೆ ಹಾನ್ ಮನೆ ಮೊದ್ಲು. ಅವರು ನಾಲ್ಕು ಗಂಟೆಗೆ ಮಲಗ್ತಾರೆ."

ಸೋಮವಾರ ಬೆಳಿಗ್ಗೆ ಕೋಟು ತೆಗೆಯುವುದಕ್ಕೂ ಮೊದಲು ಅವಳು ವಿಟ್ಲಾಕರ ಬಾಗಿಲು ತಟ್ಟಿದಳು. ಹೇಳಲೋ ಬೇಡವೋ ಎಂಬ ಹೊಯ್ದಾಟ ಅವಳಿಗಿರಲಿಲ್ಲ. ಹೊಯ್ದಾಡುವುದಕ್ಕೂ ಒಳಗೆ ಏನಾದರೂ ಅಲುಗಬೇಕಲ್ಲ. ಕಾಗದ ಮೇಜಿನ ಮೇಲಿಟ್ಟು, ಸಾಲಿನ ಕೆಳಗೆ ಬೆರಳಿಟ್ಟಳು.

"ಇಲ್ಲಿ ಅಂಕಿ ಅದಲುಬದಲಾಗಿದೆ. ಅರವತ್ನಾಲ್ಕಿರೋದು ನಲವತ್ತಾರಾಗಿ ಒಡೆದಿದೆ."

ವಿಟ್ಲಾಕ್ ಕನ್ನಡಕ ಹಣೆಗೇರಿಸಿ ಕಾಗದವನ್ನು ಕಣ್ಣಿನ ಹತ್ತಿರ ತಂದುಕೊಂಡರು. ಅವಳ ಗುಣಾಕಾರವನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿದರು. ಆಮೇಲೆ ಪೆನ್ಸಿಲು ತೆಗೆದುಕೊಂಡು ತಾವೇ ಮಾಡಿದರು. ಗೋಡೆಯ ಗಡಿಯಾರ ಎಂಟೂ ಇಪ್ಪತ್ತರಿಂದ ಎಂಟೂವರೆಗೆ ಹೋಯಿತು. ರೀಕಾ ಕೋಟಿನಲ್ಲೇ ನಿಂತಿದ್ದಳು.

"ಫೆಬ್ರವರೀಲಿ" ಎಂದರು ಅವರು ಕೊನೆಗೆ. ಧ್ವನಿ ಮಾಮೂಲಿನಂತೆಯೇ ಇತ್ತು. "ಫೆಬ್ರವರೀಲಿ ಯಂತ್ರ ಒಂದು ವಾರ ಕೆಟ್ಟಿತ್ತು. ಮತ್ತೆ ಶುರು ಮಾಡುವಾಗ ಕೊನೇ ಸಂಖ್ಯೆನ ನಾನೇ ಕಾರ್ಡಿಗೆ ಹೊಡೆದೆ. ನಾನೇ."

"ಹೌದಾ."

"ಅರವತ್ನಾಲ್ಕಾದ್ರೆ ನಾಲ್ಕರಿಂದ ಭಾಗ ಹೋಗುತ್ತೆ. ಕಡೇಪಕ್ಷ ಎರಡು ಸಲ ಎರಡು ಇರುತ್ತೆ ಒಳಗೆ. ನಲವತ್ತಾರಾದ್ರೆ ಒಂದೇ ಎರಡು. ಒಂದೇ ಎರಡು ಇದ್ರೆ ಇಳಿಯೋಕೆ ಶುರುವಾಗುತ್ತೆ." ಅವರು ನಗುವಂಥ ಸದ್ದು ಮಾಡಿದರು. "ಅದಕ್ಕೇ ಇಳೀತು. ನಾನು ಅಂದ್ಕೊಂಡೆ, ಅದಕ್ಕೂ ಸಾಕಾಗಿರಬೇಕು ಅಂತ."

ಕನ್ನಡಕವನ್ನು ಮೂಗಿಗೆ ಇಳಿಸಿ ಕೇಳಿದರು: "ನಿಮಗೆ ಹೆಂಗೆ ಗೊತ್ತಾಯ್ತು? ಇಬ್ಬರು ಪ್ರೊಫೆಸರುಗಳು ಓದಿದಾರೆ ಇದನ್ನ. ಯಾರ ಕಣ್ಣಿಗೂ ಬೀಳ್ಲಿಲ್ಲ."

"ಏನೂ ಯೋಚಿಸ್ಬಾರ್ದು ಅಂತ ಕೊನೇ ಅಂಕಿ ಗುಣಿಸ್ಕೊಂಡು ಟೈಪ್ ಮಾಡ್ತಿದ್ದೆ."

"ಯಾಕೆ ಯೋಚಿಸ್ಬಾರ್ದು?"

"ನನ್ ಯಜಮಾನ್ರು ತೀರ್ಕೊಂಡ್ರು."

ವಿಟ್ಲಾಕ್ ತಲೆ ಎತ್ತಿದರು. ಹನ್ನೊಂದು ವರ್ಷದಲ್ಲಿ ಬಹುಶಃ ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. "ಯಾವಾಗ?"

"ಕಳೆದ ತಿಂಗಳು ಹದಿನೇಳಕ್ಕೆ."

ಅವರು ತಿಂಗಳನ್ನು ಲೆಕ್ಕ ಹಾಕುವುದು ಮುಖದ ಮೇಲೆ ಕಾಣಿಸಿತು. "ನಾನು... ಅವಸರ ಏನಿಲ್ಲ ಅಂದೆ ನಿಮಗೆ. ಕಾರ್ಬನ್ ನಾಲ್ಕು ಹಾಕಿ ಅಂದೆ."

"ಹೌದು."

"ಯಾರೂ ನಂಗೆ ಹೇಳ್ಲಿಲ್ಲ." ಅಂದವರೇ ತಲೆ ಅಲ್ಲಾಡಿಸಿದರು. "ಇಲ್ಲ. ಹೇಳಿರ್ತಾರೆ. ನಾನು ಕೇಳಿಸ್ಕೊಂಡಿರಲ್ಲ. ಕೂತ್ಕೊಳ್ಳಿ ಮಿಸೆಸ್ ರೂಲೊಫ್ಸ್."

ರೀಕಾ ಕೂತಳು. ಕಿಟಕಿಯ ಹೊರಗೆ ಹುಡುಗ ಹುಡುಗಿಯರು ತರಗತಿಗೆ ಹೋಗುತ್ತಿದ್ದರು. ವಿಟ್ಲಾಕ್ ಎದ್ದು ಹೋಗಿ ಕಾಫಿ ಕೋಣೆಯಿಂದ ಎರಡು ಲೋಟ ಕಾಫಿ ತಂದರು, ಒಂದನ್ನು ಅವಳ ಮುಂದೆ ಇಟ್ಟರು. ಅದಕ್ಕೆ ಸಕ್ಕರೆ ಹಾಕಿದ್ದರು. ಅವಳು ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ. ಆದರೂ ಕುಡಿದಳು. ಲೋಟ ಖಾಲಿಯಾದ ಮೇಲೆ ಎದ್ದು, "ಕೋಷ್ಟಕದ ಮೊದಲ ಎಂಟು ಪುಟ ಸರಿ ಇದೆ, ಅದನ್ನ ಎಸೀಬೇಡಿ" ಎಂದು ಹೇಳಿ ತನ್ನ ಮೇಜಿಗೆ ಹೋದಳು.

ವಿಟ್ಲಾಕ್ ಯಾರನ್ನೂ ದೂರಲಿಲ್ಲ. ಅವತ್ತೇ ಮಧ್ಯಾಹ್ನ ಕಾಫಿ ಕೋಣೆಗೆ ಹೋಗಿ, ಮುಗಿದಿಲ್ಲ, ತಪ್ಪು ನನ್ನದೇ, ಎಂದು ಎಲ್ಲರ ಮುಂದೆ ಹೇಳಿದರು. ಡೊಲೊರೆಸ್ ಅದನ್ನು ಕಣ್ಣಾರೆ ಕಂಡಳು. ಸಂಜೆ ಕಾರಿನಲ್ಲಿ ಆರು ಮೈಲಿ ಸುಮ್ಮನಿದ್ದು, "ಪಾಪದ ಮುದುಕ. ಈಗ ನಂಗೆ ಬಾಗಿಲು ಯಾರ್ ತೆಗೀತಾರೆ?" ಎಂದಳು.

ಮಾರನೆಯ ವಾರದಿಂದ ಕಂಪ್ಯೂಟರು ಸರಿಯಾದ ಅಂಕಿ ಹಿಡಿದು ಮತ್ತೆ ಹೊರಟಿತು. ಈ ಸಲ ಸಂಖ್ಯೆ ಇಳಿಯಲಿಲ್ಲ. ಒಂದು ಮೆಟ್ಟಿಲು ಇಳಿದರೆ ಮೂರು ಏರಿತು. ನವೆಂಬರ್ ಕೊನೆಯ ಹೊತ್ತಿಗೆ ಒಂದೊಂದು ಸಂಖ್ಯೆ ಒಡೆಯಲು ಯಂತ್ರಕ್ಕೆ ಇಡೀ ದಿನ ಹಿಡಿಯತೊಡಗಿತು. ಬೇರೆಯವರಿಗೂ ಆ ಯಂತ್ರ ಬೇಕಿತ್ತು. ವಿಟ್ಲಾಕ್ ಅಲ್ಲಿಗೇ ನಿಲ್ಲಿಸಿದರು. ಅಲ್ಲಿಯವರೆಗೆ ಪ್ರತಿದಿನ ಬೆಳಿಗ್ಗೆ ಹಿಂದಿನ ದಿನದ ಸಾಲುಗಳನ್ನು ಅವರೇ ತಂದು ರೀಕಾಳ ಮೇಜಿನ ಮೇಲೆ ಇಡುತ್ತಿದ್ದರು. ಅವಳು ಕೊನೆಯ ಅಂಕಿ ಗುಣಿಸಿ ನೋಡಿ, ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕಿ, ಆಮೇಲೆ ಟೈಪು ಮಾಡುತ್ತಿದ್ದಳು. ಹೀಗೆ ಮಾಡಿ ಎಂದು ಅವರೂ ಹೇಳಿರಲಿಲ್ಲ, ಮಾಡುತ್ತೇನೆ ಎಂದು ಅವಳೂ ಹೇಳಿರಲಿಲ್ಲ.

ಕೊನೆಯ ಅಧ್ಯಾಯ ಹನ್ನೊಂದು ಪುಟ ಇದ್ದದ್ದು ಒಂದು ಪುಟಕ್ಕೆ ಬಂತು. ಅದರಲ್ಲಿ ಮುಖ್ಯವಾಗಿ ಇದ್ದದ್ದು ಒಂದೇ ಮಾತು: ಇಲ್ಲಿಂದ ಮುಂದೆ ಇದು ಎಲ್ಲಿಗೆ ಹೋಗುತ್ತದೆಂದು ಈ ಬರಹಗಾರನಿಗೆ ಗೊತ್ತಿಲ್ಲ. ರೀಕಾ ಅದನ್ನು ಟೈಪು ಮಾಡಿದಳು. ಒಂದು ಕಡೆಯೂ ಬಿಳಿ ಬಣ್ಣ ಹಚ್ಚಬೇಕಾಗಲಿಲ್ಲ.

ಆ ಚಳಿಗಾಲ ಹೇಗೆ ಕಳೆಯಿತೆಂದು ಆಮೇಲೆ ಕೇಳಿದರೆ ಅವಳಿಗೆ ಹೇಳಲು ಏನೂ ಇರಲಿಲ್ಲ. ಹಿಮ ಬಿತ್ತು, ಬಾಗಿಲ ಮುಂದಿನದನ್ನು ಸಲಿಕೆಯಿಂದ ಎತ್ತಿ ಹಾಕಿದಳು. ಭಾನುವಾರ ಚರ್ಚಿಗೆ ಹೋದಳು. ಉಪದೇಶದ ನಡುವೆ ಪೆಪ್ಪರ್‌ಮಿಂಟಿನ ಪೊಟ್ಟಣ ಬೆಂಚಿನುದ್ದಕ್ಕೂ ಕೈಯಿಂದ ಕೈಗೆ ಬರುತ್ತಿತ್ತು. ಅವಳು ಒಂದು ತೆಗೆದುಕೊಂಡು, ಅಭ್ಯಾಸಬಲದಿಂದ ಇನ್ನೊಂದನ್ನೂ ತೆಗೆದು ಪಕ್ಕಕ್ಕೆ ಚಾಚಿ, ಆಮೇಲೆ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಕ್ರಿಸ್‌ಮಸ್ಸಿಗೆ ಯೊಹಾನಳ ಮನೆಯಲ್ಲಿ ಬಟಾಣಿ ಸೂಪು ಕುಡಿದಳು. ರುಚಿ ಹೇಗಿದೆ ಎಂದರೆ "ಬಿಸಿ ಇದೆ" ಎಂದಳು.

ಏಪ್ರಿಲ್‌ನಲ್ಲಿ ಪುಸ್ತಕ ಅಚ್ಚಾಗಿ ಬಂತು. ಪುಸ್ತಕ ಎನ್ನುವುದಕ್ಕಿಂತ ಬೂದು ರಟ್ಟಿನ ತೆಳು ಕಟ್ಟು. ವಿಟ್ಲಾಕ್ ಒಂದು ಪ್ರತಿ ತಂದು ಅವಳ ಕೈಗೆ ಕೊಟ್ಟು ಹೋದರು. ಒಳಗೆ ಎರಡನೇ ಪುಟದಲ್ಲಿ ಕೃತಜ್ಞತೆಯ ಸಾಲೊಂದಿತ್ತು. ಆ ಸಾಲನ್ನು ಅವಳು ಟೈಪು ಮಾಡಿರಲಿಲ್ಲ. ಅವರು ನೇರ ಮುದ್ರಕರಿಗೇ ಬರೆದು ಕಳಿಸಿದ್ದರು. ಕೋಷ್ಟಕದಲ್ಲಿ ತಪ್ಪಿಲ್ಲದಿದ್ದರೆ ಅದು ಹೆಂಡ್ರಿಕಾ ರೂಲೊಫ್ಸ್ ಅವರಿಂದ ಎಂದಿತ್ತು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿ ಅಚ್ಚಾಗಿತ್ತು. ಅವಳು ಪೆನ್ಸಿಲಿನಿಂದ ತಿದ್ದಿಕೊಂಡಳು.

ಆ ಶನಿವಾರ ಯೊಹಾನ ಬಂದಿದ್ದಳು. ಗೆರಿಟ್‌ನ ಬಟ್ಟೆಗಳನ್ನು ಬಡವರಿಗೆಂದು ಚರ್ಚಿನಲ್ಲಿಟ್ಟ ಪೆಟ್ಟಿಗೆಗೆ ಕೊಡುವುದೆಂದು ಅವತ್ತಿಗೆ ನಿಶ್ಚಯವಾಗಿತ್ತು. ಕಾಫಿ ಕುಡಿಯುವಾಗ ಮೇಜಿನ ಮೇಲಿದ್ದ ಬೂದು ಕಟ್ಟನ್ನು ಎತ್ತಿ ಹಾಳೆ ತಿರುವಿದಳು.

"ಇದೇನಾ ಅತ್ತಿಗೆ ಅವತ್ತು ಮಾಡ್ತಿದ್ದುದು?"

"ಹೂಂ."

"ಏನಿದೆ ಇದರಲ್ಲಿ?"

ರೀಕಾ ಪೆನ್ಸಿಲು ತೆಗೆದುಕೊಂಡು ಹಳೇ ಲಕೋಟೆಯ ಹಿಂದೆ 276 ಎಂದು ಬರೆದಳು. ಅದನ್ನು ಭಾಗಿಸುವ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದಳು: ಒಂದು, ಎರಡು, ಮೂರು, ನಾಲ್ಕು, ಆರು, ಹನ್ನೆರಡು, ಇಪ್ಪತ್ಮೂರು, ನಲವತ್ತಾರು, ಅರವತ್ತೊಂಬತ್ತು, ತೊಂಬತ್ತೆರಡು, ನೂರ ಮೂವತ್ತೆಂಟು. ಕೂಡಿಸಿ 396 ಬರೆದಳು. ಹಾಗೆಯೇ ಮುಂದಿನದು, ಅದರ ಮುಂದಿನದು. ಯೊಹಾನ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದಳು.

"ಆಮೇಲೆ?"

"ಆಮೇಲೂ ಹಿಂಗೇ."

"ಕೊನೆಗೆ ಏನಾಗುತ್ತೆ?"

"ಗೊತ್ತಿಲ್ಲ."

"ನಿಮಗೆ ಗೊತ್ತಿಲ್ವಾ, ಅವರಿಗೆ ಗೊತ್ತಿಲ್ವಾ?"

"ಯಾರಿಗೂ ಗೊತ್ತಿಲ್ಲ."

ಯೊಹಾನ ಕಟ್ಟನ್ನು ತಿರುಗಿಸಿ ಹಿಂದಿನ ರಟ್ಟು ನೋಡಿದಳು, ಅಲ್ಲೇನಾದರೂ ಬರೆದಿರಬಹುದೇನೋ ಎಂಬಂತೆ. "ಗೊತ್ತಿಲ್ಲ ಅಂತ ಹೇಳೋಕೆ ಐವತ್ತು ಪುಟ ಬರೆದಿದಾರಾ? ನನ್ ಗಂಡ ಒಂದೇ ಮಾತಲ್ಲಿ ಹೇಳ್ತಾನಲ್ಲ ಅತ್ತಿಗೆ, ಅವನನ್ನ ಯಾಕೆ ಪ್ರೊಫೆಸರ್ ಮಾಡ್ಲಿಲ್ಲ?"

ರೀಕಾಳ ಬಾಯಿಂದ ನಗು ಹೊರಬಿತ್ತು. ಅದು ಅವಳಿಗೇ ಅನಿರೀಕ್ಷಿತ. ಚಿಕ್ಕ ನಗು, ಕೆಮ್ಮಿನಷ್ಟು. ಯೊಹಾನ ಅದನ್ನು ಕೇಳಿ ಬೆಚ್ಚಿ ನೋಡಿದಳು. ತಕ್ಷಣ ಮುಖ ಮುಚ್ಚಿಕೊಂಡು ಅಳತೊಡಗಿದಳು. ಅಣ್ಣ ಸತ್ತ ದಿನ ಅತ್ತ ಹಾಗೆ ಅತ್ತಳು. ರೀಕಾ ಎದ್ದು ಹೋಗಿ ಅವಳ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟಳು. ಅಲ್ಲಾಡುತ್ತಿದ್ದ ಆ ಹೆಗಲು ಬೆಚ್ಚಗಿತ್ತು. ಅಳು ನಿಲ್ಲುವವರೆಗೂ ಕೈ ಅಲ್ಲೇ ಇತ್ತು.

ಆಮೇಲೆ ಇಬ್ಬರೂ ಕೋಣೆಗೆ ಹೋಗಿ ಬಾಗಿಲ ಹಿಂದಿನ ಅಂಗಿಯಿಂದ ಶುರುಮಾಡಿದರು. ಐದು ಅಂಗಿ, ಮೂರು ಪ್ಯಾಂಟು, ಒಂದು ಕರಿ ಕೋಟು. ಎರಡು ಪೆಟ್ಟಿಗೆ ತುಂಬಿತು.

ರೀಕಾ ಇನ್ನೂ ಹದಿನೇಳು ವರ್ಷ ಅದೇ ಮೇಜಿನಲ್ಲಿ ಕೆಲಸ ಮಾಡಿದಳು. ಮತ್ತೆ ಮದುವೆಯಾಗಲಿಲ್ಲ, ಆಗಬೇಕೆಂದೂ ಅನ್ನಿಸಲಿಲ್ಲ. ಅವಳು ಗಂಡನಿಗಾಗಿ ಅತ್ತದ್ದನ್ನು ಯಾರೂ ನೋಡಲಿಲ್ಲ. ಒಬ್ಬಳೇ ಇದ್ದಾಗ ಅತ್ತಳೋ ಏನೋ, ಅದನ್ನು ಅವಳು ಯಾರಿಗೂ ಹೇಳಲಿಲ್ಲ. ವಿಟ್ಲಾಕ್ ನಿವೃತ್ತರಾಗಿ ಕೆಲವು ವರ್ಷಕ್ಕೆ ತೀರಿಕೊಂಡಾಗ ಅವರ ಹೆಂಡತಿಗೆ ಗಾಜಿನ ಪಾತ್ರೆಯಲ್ಲಿ ಆಲೂಗೆಡ್ಡೆ ಬೇಯಿಸಿ ಒಯ್ದಳು. ವಿಭಾಗಕ್ಕೆ ಹೊಸ ಹೊಸ ಯಂತ್ರಗಳು ಬಂದವು, ಹೊಸ ಪ್ರೊಫೆಸರುಗಳು ಬಂದರು. ಅವರಲ್ಲಿ ಯಾರಾದರೂ ಆ ಸಂಖ್ಯೆಯನ್ನು ಮತ್ತಷ್ಟು ದೂರ ಅಟ್ಟಿಸಿಕೊಂಡು ಹೋದರೆಂದು ಕೇಳಿಬಂದಾಗ ಟೈಪು ನಿಲ್ಲಿಸದೆಯೇ, "ಇಳೀತಾ?" ಎಂದು ಕೇಳುತ್ತಿದ್ದಳು.

"ಇಲ್ಲ, ಮಿಸೆಸ್ ರೂಲೊಫ್ಸ್. ಏರ್ತಾನೇ ಇದೆ."

"ಸರಿ" ಎಂದು ಅವಳು ಕಾಗದ ಬದಲಿಸುತ್ತಿದ್ದಳು.